ಗಂಗಾ ದಾರಿ ತಪ್ಪಿರಲಿಲ್ಲ

ನೀಲವ್ವಾ, ಮೂರು ವರ್ಷದ ಹಿಂದೆ ನನ್ನ ಹೆಂಡತಿ ಗಂಗಾ ದಾರಿ ತಪ್ಪಿರಲಿಲ್ಲ. ತಪ್ಪಿದ್ದಾಳೆ ಎಂದು ಮಗನಿಗೆ ಸುಳ್ಳು ಹೇಳಿದವನು ನಾನು. ಅವಳು ನಿಮ್ಮನ್ನು ಕಂಡರೆ ಅಂಜುತ್ತಾಳೆ ಎಂದು ನಿಮ್ಮ ಹೊಸ್ತಿಲಲ್ಲಿ ನಿಂತು ಹೇಳಿದೆನಲ್ಲ — ಅದೂ ಸುಳ್ಳು. ಎರಡನ್ನೂ ಹೊಟ್ಟೆಕಿಚ್ಚಿನಿಂದ ಹೇಳಿದೆ.

ಮರೆವಿನ ರೋಗ ಶುರುವಾದ ಮೇಲೆ ಅವಳು ಒಂದು ದಿನ ಸಿಕ್ಕ ಬಸ್ಸು ಹತ್ತಿ ಕಿತ್ತೂರಿನಲ್ಲಿ ಇಳಿದುಬಿಟ್ಟಿದ್ದಳು, ನಿಮಗೂ ನೆನಪಿರಬೇಕು. ಆಮೇಲೆ ಮಗ ಬಸವರಾಜ ಆ ಯಂತ್ರ ತರಿಸಿದ. ಬೆಂಕಿಪೊಟ್ಟಣದ ಅರ್ಧದಷ್ಟು. ಅದು ಎಲ್ಲಿದೆಯೋ ಅಲ್ಲಿ ನಮ್ಮ ಫೋನಿನ ನಕ್ಷೆಯಲ್ಲಿ ಒಂದು ಕೆಂಪು ಚುಕ್ಕೆ ಕಾಣುತ್ತದೆ. ಕೈಗೆ ಕಟ್ಟಿದರೆ ಕಿತ್ತೆಸೆಯುತ್ತಿದ್ದಳು. ಇಷ್ಟಲಿಂಗ ಕಟ್ಟಿದ ಕೊರಳಿನ ಶಿವದಾರವನ್ನು ಮಾತ್ರ, ಏನೆಲ್ಲ ಮರೆತರೂ, ತೆಗೆದವಳಲ್ಲ. ಸೊಸೆ ಒಂದು ಪುಟ್ಟ ಚೀಲ ಹೊಲಿದು, ಯಂತ್ರವನ್ನು ಅದರಲ್ಲಿಟ್ಟು, ಲಿಂಗದ ಕರಡಿಗೆಯ ಪಕ್ಕಕ್ಕೇ ಪೋಣಿಸಿದಳು. ಹೀಗೆ ದೇವರ ಜೊತೆಗೆ ನಾನೂ ಅವಳ ಕಾವಲಿಗೆ ನಿಂತೆ.

ಮಧ್ಯಾಹ್ನ ಊಟವಾದ ಮೇಲೆ ಚುಕ್ಕೆ ಹೊರಡುತ್ತಿತ್ತು. ಬೈಲಹೊಂಗಲದ ಬಜಾರ ದಾಟಿ, ನಿಮ್ಮ ಓಣಿಗೆ ಹೋಗಿ, ಎರಡು ತಾಸು ಅಲ್ಲೇ ನಿಂತು, ಚಹಾದ ಹೊತ್ತಿಗೆ ತಾನಾಗಿ ಮನೆಗೆ ಬರುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ. ನಾನು ತಕರಾರು ತೆಗೆದಾಗ ಬಸವರಾಜ ನಕ್ಕ. "ಎಲ್ಲಿ ಅದಾಳ ಅಂತ ಗೊತ್ತಾಗತೈತಲ್ಲ, ಹೋಗ್ಲಿ ಬಿಡ್ರಿ ಅಪ್ಪಾ. ಅದಕ್ಕ ಅಲ್ಲೇನ್ರಿ ಇದನ್ನ ತಂದಿದ್ದು?" ಮಾತು ಸರಿಯಿತ್ತು. ಸರಿಯಾದ ಮಾತು ನನಗೆ ಬೇಕಿರಲಿಲ್ಲ.

ಯಾಕೆಂದರೆ ಅವಳು ಆಗಲೇ ನನ್ನನ್ನು ಮರೆತಿದ್ದಳು. ನಾನು ಕೋಣೆಗೆ ಹೋದರೆ ಸೆರಗು ಸರಿಮಾಡಿಕೊಂಡು, "ಬರ್ರಿ, ಕುಂತ್ರಿ. ಯಾವೂರ್ರಿ ನಿಮ್ದು?" ಎನ್ನುತ್ತಿದ್ದಳು. ತಲೆ ಬಾಚುವವನು ನಾನು, ಗುಳಿಗೆ ನುಂಗಿಸುವವನು ನಾನು — ನೆನಪಿನಲ್ಲಿ ಉಳಿದವರು ನೀವು.

ಒಂದು ಮಧ್ಯಾಹ್ನ ಚುಕ್ಕೆಯ ಹಿಂದೆಯೇ ಬಂದೆ. ನಿಮ್ಮ ಕಿಟಕಿಯ ಹೊರಗೆ ನಿಂತೆ, ಕಳ್ಳನ ಹಾಗೆ. ಪಡಸಾಲೆಯಲ್ಲಿ ಹಳೆಯ ಸೀರೆಗಳ ಕೌದಿ ಹಾಸಿತ್ತು. ಆ ಅಂಚಿಗೆ ನೀವು, ಈ ಅಂಚಿಗೆ ಗಂಗಾ. ನೀವು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಿರಿ, ಮುಂದಿನದು ಅವಳ ಕೈಗೆ ಗೊತ್ತಿತ್ತು. ನಿಮ್ಮ ತವರೂರು ಚಚಡಿಯಲ್ಲಿ ಇಬ್ಬರೂ ಹುಡುಗಿಯರಿದ್ದಾಗ ಕಲಿತ ಹೊಲಿಗೆ. ನಿಮ್ಮನ್ನು ನೀಲಿ, ನೀಲಿ ಎಂದು ಕರೆಯುತ್ತ, ಬಾಯಿಗೆ ಸೆರಗು ಹಚ್ಚಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ನಲವತ್ತೈದು ವರ್ಷದ ಸಂಸಾರದಲ್ಲಿ ಆ ನಗು ನಾನು ನೋಡಿಯೇ ಇರಲಿಲ್ಲ.

"ನಿನ್ನ ಗಂಡ ಎಲ್ಲೆದಾನ?" ಎಂದು ನೀವು ಚೇಷ್ಟೆಗೆ ಕೇಳಿದಿರಿ.

"ಡ್ಯೂಟಿಗೆ ಹೋಗ್ಯಾರ. ನಗೋದಿದ್ರ ಈಗ ನಕ್ಕ ಬಿಡು. ಅವರು ಬಂದ್ರಂದ್ರ ಮನ್ಯಾಗ ಯಾರೂ ನಗಂಗಿಲ್ಲ."

ನಾನು ಬಸ್ ಕಂಡಕ್ಟರನಾಗಿದ್ದವನು. ಸವದತ್ತಿ, ರಾಮದುರ್ಗ ಅಂತ ದಿನವೆಲ್ಲ ಜನರ ಜೊತೆ ಜಗಳಾಡಿ ಮನೆಗೆ ಬಂದರೆ ತಾಟು ಇಟ್ಟಿರಬೇಕು, ಯಾರೂ ಗದ್ದಲ ಮಾಡಬಾರದು. ಅದನ್ನು ಶಿಸ್ತು ಎಂದುಕೊಂಡಿದ್ದೆ. ನನ್ನ ಹೆಸರು ಹೋಗಿ, ಮುಖ ಹೋಗಿ, ಅದೊಂದು ಅವಳ ತಲೆಯಲ್ಲಿ ಉಳಿದಿತ್ತು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ನಿಮ್ಮ ಮೇಲೆ ಹೊಟ್ಟೆ ಉರಿಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ — ನೀವು ಅವಳಿಗೆ ದಾರ ಪೋಣಿಸಿ ಕೊಟ್ಟದ್ದೂ ನನ್ನ ಕಣ್ಣಿಗೆ ಕಳ್ಳತನದಂತೆ ಕಂಡಿತು.

ಮರುದಿನ ಸೊಸೆ ತವರಿಗೆ, ಕಟಕೋಳಕ್ಕೆ ಹೋಗಿದ್ದಳು. ಗಂಗಾ ಊಟ ಮಾಡಿ ಅಡ್ಡಾದಾಗ ಚೀಲದಿಂದ ಯಂತ್ರ ತೆಗೆದು, ಬಂದ್ ಮಾಡಿ ಕಿಸೆಯಲ್ಲಿ ಇಟ್ಟುಕೊಂಡೆ. ಅವಳು ಎಂದಿನಂತೆ ಎದ್ದು ನಿಮ್ಮಲ್ಲಿಗೆ ನಡೆದಳು. ನಾನು ಬಸವರಾಜನಿಗೆ ಫೋನ್ ಮಾಡಿದೆ. "ನಿಮ್ಮವ್ವ ಎಲ್ಲೂ ಕಾಣವಲ್ಲಳು. ಚುಕ್ಕಿನೂ ಇಲ್ಲ. ನೀಲವ್ವನ ಮನಿಗೂ ಹೋಗಿದ್ನಿ, ಅಲ್ಲೂ ಇಲ್ಲ."

ಅವನು ಕೆಲಸ ಬಿಟ್ಟು ಓಡಿ ಬಂದ. ಬಸ್ ಸ್ಟ್ಯಾಂಡು, ನೇಸರಗಿ ರಸ್ತೆ, ಕಂಡ ಬಸ್ಸಿಗೆಲ್ಲ ಕೈ ಮಾಡಿ ನಿಲ್ಲಿಸಿ ಹುಡುಕಿದ. ಒಂದು ತಾಸಿನ ಮೇಲೆ ನಾನು ಅವಳನ್ನು ನಿಮ್ಮ ಮನೆಯಿಂದಲೇ ಕರೆತಂದು, ಲಾರಿಗಳ ನಡುವೆ ನಿಂತಿದ್ದಳು ಎಂದು ಹೇಳಿದೆ. ಯಂತ್ರದ ಚಾರ್ಜ್ ಮುಗಿದಿತ್ತು ಎಂದೆ. ಅವನು ಅವ್ವನನ್ನು ತಬ್ಬಿಕೊಂಡು ಅಂಗಳದಲ್ಲಿ ನಿಂತು ಅತ್ತುಬಿಟ್ಟ. ನಾನು ನೋಡುತ್ತ ನಿಂತಿದ್ದೆ —

ಅಂದು ಸಂಜೆಯೇ ನಿಮ್ಮಲ್ಲಿಗೆ ಬಂದೆ. "ಆಕಿ ನಿಮ್ಮನ್ನ ಕಂಡ್ರ ಅಂಜತಾಳ್ರಿ. ಇಲ್ಲಿಂದ ಬಂದ ಮ್ಯಾಲ ಅಳತಾಳ. ಇನ್ನ ಬಂದ್ರ ಬಾಗಲಾ ತಗೀಬ್ಯಾಡ್ರಿ."

ನೀವು ಕೈಯಲ್ಲಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಿರಿ. "ನನ್ನಿಂದ ಆಕಿಗೆ ತ್ರಾಸ ಆಗತಿದ್ರ ಬ್ಯಾಡ್ರಿ ಅಣ್ಣಾರ" ಎಂದಿರಿ. ಆ ಕೌದಿ ನಿಮ್ಮ ಮೊಮ್ಮಗಳ ತೊಟ್ಟಿಲಿಗೆ ಎಂದು ಆಮೇಲೆ ತಿಳಿಯಿತು. ಅದು ಮುಗಿಯಿತೋ ಇಲ್ಲವೋ ಕೇಳುವ ಮುಖ ನನಗಿಲ್ಲ.

ಗೇಟಿಗೆ ಕೀಲಿ ಬಿತ್ತು. ಅವಳು ಅಂಗಳ ದಾಟಿದರೆ ಫೋನು ಕೂಗುವ ಹಾಗೆ ಮಾಡಿಸಿದೆ. ಮೊದಲ ತಿಂಗಳು ಊಟವಾದ ಕೂಡಲೇ ಗೇಟು ಹಿಡಿದು ನಿಲ್ಲುತ್ತಿದ್ದಳು. "ನೀಲಿ ಕಾಯಾಕತ್ತಿರ್ತಾಳ, ಬಿಡ್ರಿ" ಎಂದು ನನ್ನನ್ನು, ಯಾರೋ ಪರರನ್ನು ಬೇಡುವ ಹಾಗೆ ಬೇಡುತ್ತಿದ್ದಳು. ಆಮೇಲೆ ಬೇಡುವುದನ್ನು ಬಿಟ್ಟಳು. ಆಮೇಲೆ ನಡೆಯುವುದನ್ನು. ಈಗ ಹಾಸಿಗೆಯೇ ಗತಿ. ರೋಗ ಹೇಗೂ ಇಲ್ಲಿಗೇ ತರುತ್ತಿತ್ತು ಎಂದು ಡಾಕ್ಟರು ಸಮಾಧಾನ ಹೇಳುತ್ತಾರೆ. ಇದ್ದೀತು. ಆದರೆ ದಿನಕ್ಕೆ ಎರಡು ತಾಸಿನ ಆ ನಗು ಇನ್ನೂ ಎಷ್ಟು ದಿನ ಉಳಿದಿತ್ತೋ... ಅದನ್ನು ಕಿತ್ತುಕೊಂಡದ್ದು ರೋಗವಲ್ಲ. ಚುಕ್ಕೆ ಈಗ ನನ್ನ ಮನೆಯಲ್ಲೇ ಇದೆ, ಅಲುಗುವುದಿಲ್ಲ. ಅವಳಿಗೆ ನಾನು ಇವತ್ತಿಗೂ ಯಾರೋ.

ನಿನ್ನೆ ಬಸವರಾಜನಿಗೆ ಎಲ್ಲ ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ. "ನೀಲವ್ವ ಮಾವಶಿಗೆ ನೀವ ಹೇಳ್ರಿ" ಎಂದು ಎದ್ದು ಹೋದ. ಎದುರು ನಿಂತು ಹೇಳುವ ಧೈರ್ಯ ಬರಲಿಲ್ಲ. ಅದಕ್ಕೆ ಈ ಕಾಗದ. ಕ್ಷಮಿಸಿ ಎಂದು ಕೇಳುವುದಿಲ್ಲ.

ಅಸೂಯೆ ಹೋಗಿದೆ ಎಂದೂ ಬರೆಯಲಾರೆ. ಅವಳು ನಿಮ್ಮ ಕೈ ಹಿಡಿದು ನೀಲಿ ಎಂದರೆ ನನ್ನ ಹೊಟ್ಟೆ ಇನ್ನೂ ಉರಿದೀತು. ಉರಿಯಲಿ. ನಿಮಗೆ ಮನಸ್ಸಾದರೆ ಮಧ್ಯಾಹ್ನ ಬನ್ನಿ. ಗೇಟಿನ ಕೀಲಿ ತೆಗೆದಿದ್ದೇನೆ, ಸೊಸೆ ಮನೆಯಲ್ಲಿರುತ್ತಾಳೆ. ಊಟದಿಂದ ಚಹಾದ ಹೊತ್ತಿನವರೆಗೆ ನಾನು ದಿನಾಲೂ ಬಸ್ ಸ್ಟ್ಯಾಂಡಿನಲ್ಲಿ ಕುಳಿತಿರುತ್ತೇನೆ. ನೀವು ಇರುವ ತನಕ ಮನೆಗೆ ಬರುವುದಿಲ್ಲ.