ಅರ್ಧ ಹಾಳೆಯ ಕೊನೆಯ ಸಾಲು

ಅವರು ಎರಡೂ ಕೈಗಳನ್ನು ತೊಡೆಯಡಿಗೆ ತೂರಿಸಿಕೊಂಡು ಅವುಗಳ ಮೇಲೆಯೇ ಕೂರುತ್ತಿದ್ದರು. ಪಕ್ಕದವರು ಕಂಪ್ಯೂಟರಿನಲ್ಲಿ ತಡವರಿಸುವುದನ್ನು ನೋಡುತ್ತ ಮೌಸಿಗೆ ಕೈ ಹಾಕದೆ ಇರಲು ಅವರು ಕಂಡುಕೊಂಡಿದ್ದ ಉಪಾಯ ಅದು. ಅರ್ಧ ಗಂಟೆಯ ಮೇಲೆ ಕೈ ಹೊರತೆಗೆದರೆ ಹಿಂಗೈ ತುಂಬ ಕುರ್ಚಿಯ ಬಲೆಯ ಅಚ್ಚು, ಬಳೆ ಒತ್ತಿದಲ್ಲಿ ಒಂದು ಕೆಂಪು ಗೆರೆ. ಅದನ್ನು ಉಜ್ಜಿಕೊಳ್ಳುತ್ತಲೇ ಅವರು ತೀರ್ಪು ಹೇಳುತ್ತಿದ್ದರು.

ಚೆನ್ನೈನ ಪೆರುಂಗುಡಿಯಲ್ಲಿರುವ ನಮ್ಮದು ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಸಣ್ಣ ಕಂಪನಿ. ಓದು ಮುಗಿಸಿ ಹಾಸನದಿಂದ ಬಂದು ನಾನು ಸೇರಿದಾಗ ನಮ್ಮ ತಂಡದ ಹಿರಿಯರು ಅವರು. ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾನೂ ಹಾಗೆಯೇ ಅಂದೆ. ಒಂದು ದಿನ ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವುದು ಅವರ ಕಿವಿಗೆ ಬಿತ್ತು. ಊಟದ ಹೊತ್ತಿಗೆ ಡಬ್ಬಿ ಹಿಡಿದು ಬಂದು ಎದುರು ಕುಳಿತರು.

"ನಮ್ಮ ಮನೇಲೂ ಕನ್ನಡವೇಮ್ಮಾ. ತಾತನ ಕಾಲದಿಂದ ಇಲ್ಲೇ ಇದ್ದೀವಿ. ಅರ್ಧ ತಮಿಳು ಕಲಸಿರತ್ತೆ, ನಗಬೇಡ."

ನಾನು ನಗಲಿಲ್ಲ. ಮೊಸರನ್ನದ ಜೊತೆ ತಂದಿದ್ದ ಮಾವಿನ ಮಿಡಿಯಲ್ಲಿ ಎರಡನ್ನು ಕೇಳದೆಯೇ ನನ್ನ ತಟ್ಟೆಗೆ ಹಾಕಿದರು. ಅಂದಿನಿಂದ ಊಟದ ಮೇಜಿನಲ್ಲಿ ಅವರು ಅಕ್ಕ, ಕೆಲಸದ ಮೇಜಿನಲ್ಲಿ ಮೇಡಂ. ಈ ವ್ಯವಸ್ಥೆಯನ್ನು ಅವರು ಗಮನಿಸಿದ್ದರು.

ಅವರ ನಿಜವಾದ ಕೆಲಸ ಚೀಟಿಗಳು. ಫೋಟೋಗಳನ್ನು ಎಷ್ಟು ಸಣ್ಣದು ಮಾಡಿದರೆ ಪುಟ ಫೋನಿನಲ್ಲಿ ಬೇಗ ತೆರೆಯುತ್ತದೆ, ಗ್ರಾಹಕರು ಅರ್ಜಿಯಲ್ಲಿ ಒಂದು ಕಡೆ ತಪ್ಪು ಬರೆದರೆ ಉಳಿದದ್ದು ಅಳಿಸಿಹೋಗದಂತೆ ನೋಡಿಕೊಳ್ಳುವುದು ಹೇಗೆ, ನಿನ್ನೆ ಮಾಡಿದ ಬದಲಾವಣೆಯನ್ನು ಹಿಂದಕ್ಕೆ ತೆಗೆಯುವುದು ಹೇಗೆ. ಒಂದು ಕೆಲಸಕ್ಕೆ ಒಂದು ಅರ್ಧ ಹಾಳೆ. ಭಾಷೆ ಇಂಗ್ಲಿಷ್, ಆದರೆ ಆರನೇ ತರಗತಿಯ ಮಗು ಓದುವಂಥ ಇಂಗ್ಲಿಷ್. 'ಸುಲಭವಾಗಿ' ಎಂಬ ಪದ ಕಂಡರೆ ಕೆಂಪು ಶಾಯಿಯಲ್ಲಿ ಹೊಡೆದು ಪಕ್ಕದಲ್ಲಿ 'ಯಾರಿಗೆ?' ಎಂದು ಬರೆಯುತ್ತಿದ್ದರು. ನನ್ನ ಮೊದಲ ಚೀಟಿಯಲ್ಲಿ ನಾಲ್ಕು ಕಡೆ 'ಯಾರಿಗೆ?' ಇತ್ತು.

ಬರೆದ ಮೇಲೆ ಪರೀಕ್ಷೆ. ಆ ಕೆಲಸ ಗೊತ್ತಿಲ್ಲದ ಯಾರಾದರೂ ಚೀಟಿ ಓದಿಕೊಂಡು ಮಾಡಬೇಕು. ಬರೆದವರು ಪಕ್ಕದಲ್ಲಿ ಬಾಯಿ ಮುಚ್ಚಿ ಕೂರಬೇಕು. ನಾನು ಬರೆದದ್ದನ್ನು ಒಮ್ಮೆ ರಿಸೆಪ್ಷನ್ನಿನ ಹುಡುಗಿಗೆ ಕೊಟ್ಟರು. 'ಇಲ್ಲಿ ಫೈಲಿನ ಹೆಸರು ಹಾಕಿ' ಎಂದು ನಾನು ಬರೆದಿದ್ದ ಜಾಗದಲ್ಲಿ ಅವಳು 'ಫೈಲಿನ ಹೆಸರು' ಎಂಬ ಪದಗಳನ್ನೇ ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿ, ಏನೂ ಆಗದಿದ್ದಾಗ ನಮ್ಮಿಬ್ಬರ ಮುಖ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕನ ಕಣ್ಣು ನನ್ನನ್ನು ತಡೆಯಿತು. ಅವರ ಭುಜ ಮಾತ್ರ ನಗೆಯಿಂದ ಕುಲುಕುತ್ತಿತ್ತು. ಆಮೇಲೆ ಹೇಳಿದರು: "ಅವಳು ಸರಿಯಾಗೇ ಮಾಡಿದಾಳೆ. ನೀನು ಬರೆದದ್ದನ್ನೇ ಮಾಡಿದಾಳೆ."

ಪ್ರತಿ ಚೀಟಿಯ ಕೊನೆಯ ಸಾಲಿಗೆ ಒಂದು ನಿಯಮವಿತ್ತು. ಈ ಪಾಠ ಯಾವ ತಪ್ಪಿನಿಂದ ಬಂತು ಎಂಬುದನ್ನು ಅಲ್ಲಿ ಬರೆಯಬೇಕು, ತಪ್ಪು ಮಾಡಿದವರ ಹೆಸರಿನ ಸಮೇತ. ನನಗೆ ಅದು ಹಿಡಿಸಿರಲಿಲ್ಲ. ನನ್ನ ವಿಷಯ ನನ್ನಲ್ಲೇ ಇರಬೇಕು ಎನ್ನುವ ಸ್ವಭಾವದವಳು ನಾನು. ಮೊದಲ ಐದು ತಿಂಗಳು, ಬೇರೆಯವರ ತಪ್ಪುಗಳಿಂದ ಬಂದ ಪಾಠಗಳನ್ನೇ ಆರಿಸಿಕೊಂಡು ಚೀಟಿ ಬರೆದೆ.

ಆರನೆಯ ತಿಂಗಳು, ಕೆಲಸ ಖಾಯಂ ಆಗುವ ಪತ್ರಕ್ಕೆ ಕಾಯುತ್ತಿದ್ದ ದಿನಗಳಲ್ಲಿ, ಟಿ. ನಗರದ ಒಂದು ಸೀರೆ ಅಂಗಡಿಯಲ್ಲಿ ಆಡಿ ತಿಂಗಳ, ಅಂದರೆ ತಮಿಳರ ಆಷಾಢದ, ರಿಯಾಯಿತಿ ಶುರುವಾಯಿತು. ಪುಟದ ಹೊಸ ವಿನ್ಯಾಸ ನನ್ನದು. ಬೆಳಿಗ್ಗೆ ಹತ್ತಕ್ಕೆ ಹಾಕಿದೆ. ನನ್ನ ಪರದೆಯಲ್ಲಿ ಎಲ್ಲ ಚೆನ್ನಾಗಿತ್ತು. ಹತ್ತೂವರೆಗೆ ಅಂಗಡಿಯಿಂದ ಫೋನ್ ಬರತೊಡಗಿತು, ಯಾರಿಗೂ ಕೊಳ್ಳಲು ಆಗುತ್ತಿಲ್ಲ ಎಂದು. ಅಕ್ಕ ರಿಸೆಪ್ಷನ್ನಿನ ಹುಡುಗಿಯ ಫೋನು ಇಸಿದುಕೊಂಡು ಪುಟ ತೆರೆದರು. ರಿಯಾಯಿತಿಯ ದೊಡ್ಡ ಪಟ್ಟಿ ಕೊಳ್ಳುವ ಗುಂಡಿಯ ಮೇಲೆಯೇ ಕೂತಿತ್ತು.

ಬ್ರೌಸರ್ ಒಮ್ಮೆ ತಂದ ಫೈಲಿನ ಪ್ರತಿಯನ್ನು ತನ್ನ ಬಳಿ ಇಟ್ಟುಕೊಂಡಿರುತ್ತದೆ. ಹೆಸರು ಬದಲಾಗದಿದ್ದರೆ ಆ ಹಳೆಯದನ್ನೇ ಬಳಸುತ್ತದೆ. ನಾನು ವಿನ್ಯಾಸದ ಫೈಲನ್ನು ಬದಲಿಸಿದ್ದೆ, ಅದರ ಹೆಸರನ್ನು ಬದಲಿಸಿರಲಿಲ್ಲ. ಹಿಂದೆ ಆ ಅಂಗಡಿಗೆ ಭೇಟಿ ಕೊಟ್ಟಿದ್ದವರಿಗೆಲ್ಲ ಹೊಸ ಪುಟ, ಹಳೆಯ ವಿನ್ಯಾಸ. ನನ್ನ ಕಂಪ್ಯೂಟರಿನಲ್ಲಿ ಹಳೆಯ ಪ್ರತಿ ಬಳಸಬೇಡ ಎಂದು ಮೊದಲೇ ಗುರುತು ಹಾಕಿಕೊಂಡಿದ್ದರಿಂದ ನನಗೊಬ್ಬಳಿಗೆ ಎಲ್ಲ ಸರಿಯಾಗಿ ಕಂಡಿತ್ತು.

ಅಕ್ಕ ಸರಿಪಡಿಸಿದ್ದರೆ ಒಂದು ನಿಮಿಷದ ಕೆಲಸ. ಕುರ್ಚಿ ಎಳೆದು ನನ್ನ ಪಕ್ಕ ಕುಳಿತರು, ಕೈಗಳನ್ನು ತೊಡೆಯಡಿಗೆ ಇಟ್ಟುಕೊಂಡರು.

"ಪೊರುಮೆಯಾಗಿ ಮಾಡು. ಅವಸರ ಬೇಡ. ನಾನಿದೀನಿ."

ಮೇಜಿನ ಮೇಲೆ ಫೋನ್ ಬಡಿದುಕೊಳ್ಳುತ್ತಿತ್ತು. ಹಿಂದೆ ಮ್ಯಾನೇಜರ್ ನಿಂತಿದ್ದರು. ನನ್ನ ಬೆರಳು ಎರಡು ಸಲ ತಪ್ಪಿತು. ಅವರ ಕೈ ಅಲುಗಲಿಲ್ಲ. ಫೈಲಿನ ಹೆಸರಿಗೆ ಒಂದು ಸಂಖ್ಯೆ ಸೇರಿಸಿ, ಪುಟದಲ್ಲೂ ಆ ಹೆಸರು ಬದಲಿಸಿ ಹಾಕಲು ನನಗೆ ಒಂಬತ್ತು ನಿಮಿಷ ಹಿಡಿಯಿತು. ಗುಂಡಿ ಕಾಣಿಸಿತು. ಅವರು ಎದ್ದು ಕೈ ಉಜ್ಜಿಕೊಂಡು, ಒಂದು ಅರ್ಧ ಹಾಳೆಯನ್ನು ನನ್ನ ಮುಂದೆ ಇಟ್ಟು ಹೋದರು.

ಊಟ ಬಿಟ್ಟು ಬರೆದೆ. ಹೊಸ ಫೈಲಿಗೆ ಹೊಸ ಹೆಸರು ಕೊಡಿ. ಹಾಕಿದ ಮೇಲೆ ನಿಮ್ಮದಲ್ಲದ ಫೋನಿನಲ್ಲಿ ನೋಡಿ. ಕೊನೆಯ ಸಾಲಿನಲ್ಲಿ, 'ಒಂದು ರಿಯಾಯಿತಿ ಮಾರಾಟದ ದಿನ ಹೀಗಾಗಿತ್ತು' ಎಂದಷ್ಟೇ ಹಾಕಿದೆ. ನಾಲ್ಕು ಗಂಟೆಗೆ ಮ್ಯಾನೇಜರ್ ಸಭೆ ಕರೆದಿದ್ದರು. ತಪ್ಪು ಯಾರದೆಂದು ಅಂಗಡಿಯ ಮಾಲೀಕರು ಕೇಳುತ್ತಿದ್ದಾರೆ ಎಂಬ ಸುದ್ದಿ ಆಗಲೇ ಬಂದಿತ್ತು. ಹಿಂದೆ ನಿಂತಿದ್ದ ಮ್ಯಾನೇಜರ್ ನೋಡಿದ್ದು ನಾನು ಸರಿಪಡಿಸಿದ್ದನ್ನು ಮಾತ್ರ. ಕೆಡಿಸಿದವರು ಯಾರೆಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ.

ಅಕ್ಕ ಓದಿದರು. "ಚೀಟಿ ಚೆನ್ನಾಗಿದೆ. ಹೆಸರೆಲ್ಲಿ?"

ಈ ವಾರ ಪತ್ರ ಬರಬೇಕು, ಇದೊಂದು ಸಲ ಬಿಡಿ ಎಂದೆ. ಅವರು ಚೀಟಿಗಳ ಫೈಲನ್ನು ನನ್ನ ಮುಂದಿಟ್ಟು ಕಾಫಿಗೆ ಹೋದರು. ಮೊದಲ ಚೀಟಿ ಅವರದೇ: ಪರೀಕ್ಷೆಗೆಂದು ಇಟ್ಟ ಪ್ರತಿ ಎಂದುಕೊಂಡು ಗ್ರಾಹಕರ ನಿಜವಾದ ಮಾಹಿತಿಯನ್ನೇ ಅಳಿಸಿದ್ದು. ಕೊನೆಯ ಸಾಲಿನಲ್ಲಿ ಅವರ ಪೂರ್ತಿ ಹೆಸರು, ದುಂಡಗಿನ ಅಕ್ಷರಗಳಲ್ಲಿ. ಎಂಟನೆಯದು, ಒಂಬತ್ತನೆಯದು, ಹದಿಮೂರನೆಯದೂ ಅವರವೇ. ಎಲ್ಲೂ ಆ ಅಕ್ಷರ ಸಣ್ಣದಾಗಿರಲಿಲ್ಲ. ಅವರು ಕಾಫಿ ಮುಗಿಸಿ ಬರುವ ಮುಂಚೆ ನನ್ನ ಹೆಸರು ಬರೆದೆ.

ಸಭೆಯಲ್ಲಿ ಅಕ್ಕ ಆ ಫೈಲನ್ನೇ ಮ್ಯಾನೇಜರ್ ಮುಂದೆ ತೆರೆದಿಟ್ಟರು. ನನ್ನ ಚೀಟಿಯ ಕೊನೆಯ ಸಾಲಿಗೆ ಬಂದಾಗ ಮ್ಯಾನೇಜರ್ ತಲೆಯೆತ್ತಿ ನನ್ನನ್ನು ನೋಡಿದರು. ಖಾಯಂ ಮಾಡುವ ವಿಷಯ ಮತ್ತೊಮ್ಮೆ ಯೋಚಿಸಬೇಕಾಗುತ್ತದೆ ಎಂದರು. ಅಕ್ಕ ತಮಿಳಿನಲ್ಲಿ, ದನಿ ಏರಿಸದೆ ಹೇಳಿದ ಮಾತು ಇಷ್ಟು: "ಆ ಫೈಲಲ್ಲಿ ನನ್ನ ಹೆಸರು ಹದಿನೇಳು ಸಲ ಇದೆ ಸಾರ್, ಇವಳದು ಒಂದು ಸಲ. ಕಳಿಸೋದಾದ್ರೆ ಮೊದಲು ನನ್ನನ್ನ ಕಳಿಸಿ."

ಪತ್ರ ಒಂದು ತಿಂಗಳು ತಡವಾಗಿ ಬಂತು.

ಅವರ ಬಗ್ಗೆ ದೂರುಗಳೂ ಇದ್ದವು. ಕೇಳಿದ್ದನ್ನೇ ಮತ್ತೆ ಕೇಳಿದರೆ 'ಚೀಟಿ ನೋಡು' ಎಂದು ಮುಖ ತಿರುಗಿಸುತ್ತಿದ್ದರು; ಕೆಲವರಿಗೆ ಅದು ಜಂಬವಾಗಿ ಕಾಣುತ್ತಿತ್ತು. ನಿವೃತ್ತಿಯ ದಿನ ಭಾಷಣ ಮಾಡಲು ಒಪ್ಪಲಿಲ್ಲ. ಫೈಲನ್ನು ನನ್ನ ಮೇಜಿನ ಮೇಲಿಟ್ಟು, ಕ್ರೋಂಪೇಟೆಯ ಬಸ್ಸು ತಪ್ಪುತ್ತದೆ ಎಂದು ಎಂದಿನ ಹೊತ್ತಿಗೇ ಹೊರಟರು.

ಕಳೆದ ತಿಂಗಳು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಆ ಫೈಲು ತಿರುವುತ್ತ, ಇಷ್ಟೊಂದು ತಪ್ಪು ಮಾಡಿದ ಈ ಹೆಂಗಸನ್ನು ಕಂಪನಿ ಹೇಗೆ ಇಟ್ಟುಕೊಂಡಿತ್ತು ಎಂದು ಕೇಳಿದಳು. ನಮಗೆಲ್ಲ ಕೆಲಸ ಕಲಿಸಿದವರು ಅವರೇ ಎಂದೆ. ಅಷ್ಟು ಹೆಮ್ಮೆಯಿಂದ ನಾನು ಯಾರ ಬಗ್ಗೆಯೂ ಹೇಳಿದ್ದು ನೆನಪಿಲ್ಲ. ಆಮೇಲೆ ನಾನು ಬರೆದ ಹೊಸ ಚೀಟಿಯೊಂದನ್ನು ಅವಳ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತೆ. ಮೂರನೆಯ ಹೆಜ್ಜೆಯಲ್ಲಿ ಅವಳು ಬಹಳ ಹೊತ್ತು ತಡವರಿಸಿದಳು. ನನ್ನ ಕೈ ಆಗಲೇ ತೊಡೆಯಡಿಗೆ ಹೋಗಿತ್ತು.

ಮುಗಿದ ಮೇಲೆ ಹಿಂಗೈಯ ಅಚ್ಚಿನ ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ಅಂಥದ್ದನ್ನೆಲ್ಲ ನಾನು ಸಾಮಾನ್ಯವಾಗಿ ಮಾಡುವುದಿಲ್ಲ. ಅವರ ಉತ್ತರ ತಕ್ಷಣ ಬಂತು.

"ಅದಿರಲಿ. ಆ ಹುಡುಗಿ ತಾನೇ ಮುಗಿಸಿದಳಾ?"

ಮುಗಿಸಿದಳು ಅಕ್ಕ, ಎಂದು ಬರೆದೆ. ನಾನು ಪಕ್ಕದಲ್ಲಿ ಬಾಯಿ ತೆರೆಯಲಿಲ್ಲ ಎಂದೂ ಸೇರಿಸಿದೆ.