ಬೆಳ್ಳುಳ್ಳಿ ಸಾಬರ ಕೂಗು

“ಒಂದೆಸಳು ಒಗ್ಗರಣೆಗೆ ಬಿದ್ರೆ ಪಕ್ಕದ್ಮನೆಯೋರೂ ಊಟಕ್ಕೆ ಬತ್ತಾರೆ, ಬನ್ನಿ ಅಕ್ಕಯ್ಯಾ!” ಎಂದು ನಾನು ಕಂಪಲಾಪುರದ ಸಂತೆಯಲ್ಲಿ ಕೂಗಿದ್ದೇ ತಡ, ನಾಲ್ಕು ಜನ ಹೆಂಗಸರು ಚೀಲ ಬಿಡಿಸಿಕೊಂಡು ನನ್ನ ಟೊಮೆಟೊ ರಾಶಿಯ ಪಕ್ಕದ ಖಾಲಿ ಜಾಗಕ್ಕೆ ಬಂದು ನಿಂತರು. ಅದು ಬೆಳ್ಳುಳ್ಳಿ ಮಾರುವ ಪ್ಯಾರೇಸಾಬರ ಜಾಗ. ನಾನು ಅಣಕಿಸಿದ ದನಿ, ಕೂಗು ಎರಡೂ ಅವರದೇ. ಮೆರವಣಿಗೆಯೊಂದರಲ್ಲಿ ಕಲ್ಲು ಬಿದ್ದ ಮೇಲೆ ‘ಮುಸ್ಲಿಮರ ಹತ್ತಿರ ಏನೂ ಕೊಳ್ಳಬೇಡಿ’ ಎಂಬ ಮೆಸೇಜು ಮೊಬೈಲುಗಳಲ್ಲಿ ಓಡಾಡಿತ್ತು. ಎರಡು ಸಂತೆಯಿಂದ ಸಾಬರು ಬಂದಿರಲಿಲ್ಲ. ಸ್ವಂತ ಅಪ್ಪನನ್ನೂ ಬಿಡದೆ ಅಣಕಿಸುವ ನನಗೆ ಆ ಖಾಲಿ ಜಾಗ ನೋಡಿ ಸುಮ್ಮನಿರಲಾಗಲಿಲ್ಲ.

“ಸಾಬ್ರು ಎಲ್ಲಲಾ?” ಎಂದರು ಆ ನಾಲ್ವರಲ್ಲಿ ಹಿರಿಯರಾದ ಗೌರಮ್ಮಜ್ಜಿ.

ಹೆದರಿಕೊಂಡು ಮನೆಯಲ್ಲಿದ್ದಾರೆ ಎಂದೆ.

“ಫೋನ್ ಮಾಡ್ಲಾ. ಅವ್ರ ಬೆಳ್ಳುಳ್ಳಿ ಇಲ್ದೆ ನಮ್ಮನೆ ಸಾರು ನಿನ್ ಮಕದಂಗೆ ಸಪ್ಪಗೈತೆ.”

ಫೋನನ್ನು ಸ್ಪೀಕರಿಗೆ ಹಾಕಿದೆ. ಸಂತೆಗೆ ಬರದಿದ್ದಕ್ಕೆ ಅಜ್ಜಿ ಸಾಬರನ್ನು ಬೈದರು, ಉಳಿದವರೂ ದನಿಗೂಡಿಸಿದರು. ಅರ್ಧ ಗಂಟೆಯಲ್ಲಿ ಸಾಬರು ಮೊಪೆಡ್ಡಿಗೆ ಮೂಟೆ ಕಟ್ಟಿಕೊಂಡು ಬಂದು ಗೋಣಿತಾಟು ಹಾಸಿದರು. ಆದರೆ ಕೂಗಲಿಲ್ಲ. ಸುತ್ತ ನೋಡುತ್ತಾ ಕೂತರು. ನಾನು ಬೇಕೆಂದೇ ಕೆಟ್ಟದಾಗಿ ಅವರ ದನಿಯಲ್ಲಿ ಮತ್ತೊಮ್ಮೆ ಕೂಗಿದೆ.

“ಥೂ, ಬಾಯ್ ಮುಚ್ಚಲಾ! ಕತ್ತೆ ಅಂಗೆ ಅರಚಿ ನನ್ ಯಾಪಾರ ಕೆಡುಸ್ಬ್ಯಾಡ,” ಎಂದವರೇ ಸಾಬರು ಎದ್ದು ನಿಂತು, ಸಂತೆಯ ಆ ತುದಿಗೂ ಕೇಳುವಂತೆ ಕೂಗಿದರು.

ಅಣಕಿಸಿ ಬೈಸಿಕೊಳ್ಳುವುದು ನನಗೆ ಹೊಸದಲ್ಲ. ಕತ್ತೆ ಎನ್ನಿಸಿಕೊಂಡು ಅಷ್ಟು ಖುಷಿಪಟ್ಟಿದ್ದು ಮಾತ್ರ ಅದೇ ಮೊದಲು. ಅಂದಹಾಗೆ, ಅವತ್ತು ನನ್ನ ಟೊಮೆಟೊ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.