ಕೊನೆಯ ಸಾಲಿನ ಪಾರಿವಾಳ

ಭಾನುವಾರದ ಬೆಳಕು ಆಗಷ್ಟೇ ಹರಿದಿದೆ. 'ನೀಲಿ ಗರಿ' ಕೆಫೆಯ ಕುರ್ಚಿಗಳೆಲ್ಲ ಇನ್ನೂ ಮೇಜುಗಳ ಮೇಲೆ ತಲೆಕೆಳಗಾಗಿ ಕೂತಿವೆ. ಹಿಂಬಾಗಿಲಿನಿಂದ ಒಳಬಂದ ಗೋದೆಲೀವೆ ಕ್ಲಾರ್‌ಬೌಟ್ ಕಾಫಿಗೂ ಮೊದಲು ಮೂಲೆಯ ಹಳೆಯ ಕಂಪ್ಯೂಟರನ್ನು ಎಬ್ಬಿಸುತ್ತಾರೆ. ಅದು ಮುಲುಗುತ್ತ ಕಣ್ಣು ಬಿಡುವಷ್ಟರಲ್ಲಿ ಫೋನು ಹೊಡೆದುಕೊಳ್ಳುತ್ತದೆ. ಫ್ರಾನ್ಸಿನ ಬೂರ್ಜ್‌ನಿಂದ ಸುದ್ದಿ: ಆಕಾಶ ತಿಳಿಯಾಗಿದೆ, ಬೆನ್ನಿಗೆ ಗಾಳಿಯಿದೆ, ಓಟದ ಪಾರಿವಾಳಗಳನ್ನು ಬಿಟ್ಟಾಯಿತು. ಗೋದೆಲೀವೆ ಸೀಮೆಸುಣ್ಣ ಹಿಡಿದು ಕರಿಹಲಗೆಯ ಕಡೆಗೆ ಹೆಚ್ಚುಕಡಿಮೆ ಓಡುತ್ತಾರೆ. ಆ ಒಂದು ಸಾಲಿಗಾಗಿ ವೆಸ್ಟ್‌ಬೇಕೆ ಹಳ್ಳಿಯ ಅರ್ಧ ಜನ ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ.

"'ಬಿಟ್ರು' ಅಂತ ಬರೆಯೋವಾಗ ಈಗ್ಲೂ ಸೀಮೆಸುಣ್ಣ ಮುರಿಯುತ್ತೆ ನೋಡಿ," ಎಂದು ನಗುತ್ತಾರೆ. "ನಂದು ಅಂತ ಒಂದು ಹಕ್ಕೀನೂ ಇಲ್ಲ. ಆದ್ರೂ ಮುರಿಯುತ್ತೆ."

ಹಕ್ಕಿ ಇಲ್ಲದಿರುವುದೇ ಅವರ ಅರ್ಹತೆ. ವಾರವೆಲ್ಲ ಊರಿನ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಸೂಪು ಕಾಯಿಸುವ ಈ ಐವತ್ತೆಂಟರ ಹೆಂಗಸು ವಾರದ ಕೊನೆಗೆ ಪಾರಿವಾಳ ಕ್ಲಬ್ಬಿನ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಸಂಬಳವಿಲ್ಲ. ಕಾಫಿ, ಚೀಸ್ ಇಟ್ಟ ಬ್ರೆಡ್ಡು, ಮತ್ತು ಬೇಕಾದಷ್ಟು ಬೈಗುಳ. ಪ್ರೋಗ್ರಾಮು ಬರೆದವನು ಫಿರ್ಮಿನ್ ಎಂಬ ರೈಲ್ವೆ ನೌಕರ. ಕಣ್ಣು ಮಂಜಾದಾಗ ಅವನು ಇವರನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೊಂದೇ ಸಾಲು ಓದಿಸಿ ಕಲಿಸಿದ. ಈಗ ಅವನಿಲ್ಲ, ಪ್ರೋಗ್ರಾಮು ಇದೆ. "ಗೆದ್ರೆ ಹಕ್ಕಿ ಜಾಣ, ಸೋತ್ರೆ ಕಂಪ್ಯೂಟರ್ ಕತ್ತೆ. ಇಲ್ಲಿನ ನ್ಯಾಯ ಇಷ್ಟೇ," ಎನ್ನುತ್ತಾರೆ ಗೋದೆಲೀವೆ.

ಕೆಲಸ ಕೇಳಲು ಸುಲಭ. ಶುಕ್ರವಾರ ಸಂಜೆ ಎಲ್ಲರೂ ಹಕ್ಕಿಗಳನ್ನು ತಂದು, ಲಾರಿಯಲ್ಲಿ ಬೂರ್ಜ್‌ಗೆ ಹೋಗುವ ಬುಟ್ಟಿಗಳಿಗೆ ತುಂಬುತ್ತಾರೆ. ಪ್ರತಿ ಹಕ್ಕಿಯ ಕಾಲುಂಗುರದ ಸಂಖ್ಯೆಯನ್ನು ಕೈಯಂತ್ರವೊಂದು ಓದಿ, ಕಂಪ್ಯೂಟರಿನ ಕಡತದಲ್ಲಿ ಸಾಲಿಗೊಂದರಂತೆ ಬರೆಯುತ್ತದೆ. ಭಾನುವಾರ ಹಕ್ಕಿ ಗೂಡಿಗೆ ಮರಳಿದಾಗ ಅಲ್ಲಿನ ಯಂತ್ರ ಅದೇ ಉಂಗುರವನ್ನೂ ಬಂದ ವೇಳೆಯನ್ನೂ ಹಿಡಿದಿಡುತ್ತದೆ. ಬಂದ ಸಂಖ್ಯೆಯನ್ನು ಶುಕ್ರವಾರದ ಪ್ರತಿ ಸಾಲಿನ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡುವುದು ಫಿರ್ಮಿನ್ನನ ಪ್ರೋಗ್ರಾಮು. ಒಂದಕ್ಷರ ಹೆಚ್ಚಾದರೂ ಕಡಿಮೆಯಾದರೂ ಅದರ ಪಾಲಿಗೆ ಅದು ಬೇರೆ ಹಕ್ಕಿ. ಹಿಂದೊಮ್ಮೆ ಫಲಿತಾಂಶ ತಿದ್ದಿದರೆಂದು ದೊಡ್ಡ ಜಗಳವಾಗಿ, ಬುಟ್ಟಿಯ ಮುಚ್ಚಳಗಳಲ್ಲಿ ಹೊಡೆದಾಡಿದ ಮೇಲೆ ಕ್ಲಬ್ಬು ಒಂದು ಠರಾವು ಮಾಡಿದೆ: ಕಂಪ್ಯೂಟರ್ ಹೇಳಿದ್ದೇ ಕೊನೆ, ಫಲಿತಾಂಶಕ್ಕೆ ಯಾರೂ ಕೈ ಹಾಕಕೂಡದು.

ಆ ಠರಾವೇ ಈಗ ಓಮೆರ್ ವಾನ್ಹೆಕೆ ಅವರ ಕುತ್ತಿಗೆಗೆ ಬಂದಿದೆ. ಎಂಬತ್ತರ ಹತ್ತಿರದ ಓಮೆರ್ ಜೀವಮಾನವೆಲ್ಲ ಪಾರಿವಾಳ ಸಾಕಿದವರು. ಗೂಡಿನ ಧೂಳು ಕುಡಿದು ಕುಡಿದು ಶ್ವಾಸಕೋಶ ಸೋತಿದೆ; ಈ ಬೇಸಿಗೆ ಮುಗಿದ ಮೇಲೆ ಗೂಡಿಗೆ ಕಾಲಿಡಬೇಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಇವತ್ತಿನದೂ ಸೇರಿ ಇನ್ನುಳಿದಿರುವುದು ಎರಡೇ ಓಟ. ಅವರ ಮಿಯೆಕೆ ಎಂಬ ಬೂದು ಹೆಣ್ಣು ಹಕ್ಕಿ ಗಾಳಿಯನ್ನೇ ಸೀಳಿಕೊಂಡು ಬರುತ್ತದೆ. ಆದರೆ ಕಳೆದ ಬೇಸಿಗೆಯಿಂದ ಅದು ಎಷ್ಟೇ ಬೇಗ ಬಂದರೂ ಕಂಪ್ಯೂಟರ್ ಹೇಳುವುದು ಒಂದೇ ಮಾತು: 'ಈ ಹಕ್ಕಿ ನೋಂದಣಿಯಾಗಿಲ್ಲ.' ಉಂಗುರ ಬದಲಿಸಿದ್ದಾಯಿತು, ಮತ್ತೆ ಬದಲಿಸಿದ್ದೂ ಆಯಿತು. ಮುದುಕ ಮರೆತು ಬುಟ್ಟಿಯ ಬದಲು ಜೇಬಿಗೆ ಹಾಕಿಕೊಂಡಿರಬೇಕು ಎಂದು ಕ್ಲಬ್ಬಿನವರು ಆಡಿಕೊಂಡರು.

ಮಧ್ಯಾಹ್ನ ಕೆಫೆ ಗಿಜಿಗುಡುತ್ತಿದೆ. ಹಲವು ಬಾರಿ ಗೆದ್ದ ಗಿದೋ ಈಗಾಗಲೇ ಬಿಯರಿನ ಲೋಟ ಎತ್ತಿದ್ದಾನೆ. ಅವನ ಕೈಜರ್ ಎಂಬ ಗಂಡು ಹಕ್ಕಿಯದೇ ಮೊದಲ ವೇಳೆ. ಅಷ್ಟರಲ್ಲಿ ಓಮೆರ್ ಏದುಸಿರು ಬಿಡುತ್ತ ಸೈಕಲ್ಲಿನಿಂದಿಳಿದು ತಮ್ಮ ಗೂಡಿನ ಯಂತ್ರವನ್ನು ಮೇಜಿನ ಮೇಲಿಡುತ್ತಾರೆ. ಮಿಯೆಕೆ ಕೈಜರ್‌ಗಿಂತ ಮೊದಲೇ ಬಂದಿದೆ. ಗೋದೆಲೀವೆ ತಂತಿ ಸಿಕ್ಕಿಸುತ್ತಾರೆ, ಗುಂಡಿ ಒತ್ತುತ್ತಾರೆ. ನೋಂದಣಿಯಾಗಿಲ್ಲ.

ಓಮೆರ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೂತುಬಿಡುತ್ತಾರೆ. ಅವರು ಬೈಯುವುದಿಲ್ಲ. ಬೈದಿದ್ದರೆ ವಾಸಿಯಿತ್ತು ಎನ್ನುತ್ತಾರೆ ಗೋದೆಲೀವೆ. ಸಂಜೆಯೊಳಗೆ ಫಲಿತಾಂಶ ಪಾರಿವಾಳ ಕ್ಲಬ್ಬುಗಳ ಒಕ್ಕೂಟಕ್ಕೆ ಹೋಗಬೇಕು.

"ಸ್ವಲ್ಪ ತಡೀರಿ ಮಾಮ," ಎಂದು ಅವರು ಕನ್ನಡಕ ಏರಿಸಿಕೊಳ್ಳುತ್ತಾರೆ. ಶುಕ್ರವಾರದ ಕಡತ ತೆರೆದರೆ ಮಿಯೆಕೆಯ ಸಂಖ್ಯೆ ಅಲ್ಲೇ ಇದೆ, ಕಟ್ಟಕಡೆಯ ಸಾಲಿನಲ್ಲಿ. ಕೊನೆಗೆ ಬುಟ್ಟಿ ಸೇರಿದ್ದು ಮೊದಲು ಮನೆ ಸೇರುತ್ತದೆ ಎಂಬುದು ಓಮೆರ್ ಅವರ ನಂಬಿಕೆ. ಎಲ್ಲರೂ ಮುಗಿಸುವವರೆಗೆ ಕಾದು, ತಮ್ಮ ಹಕ್ಕಿಗಳಲ್ಲೂ ಮಿಯೆಕೆಯನ್ನೇ ಕೊನೆಗೆ ಕೊಡುತ್ತಾರೆ. ಕಡತದ್ದು, ಓಮೆರ್ ಅವರ ಯಂತ್ರದ್ದು, ಕಣ್ಣಿಗೆ ಎರಡೂ ಸಂಖ್ಯೆ ಒಂದೇ. ಹಾಗಾದರೆ ಪ್ರೋಗ್ರಾಮಿನ ಕೈಗೆ ಸಿಕ್ಕಿದ್ದು ಏನು? ತಾಳೆ ನೋಡುವ ಮೊದಲು ತಾನು ಓದಿದ್ದನ್ನು ತೋರಿಸು ಎಂದು ಅವರು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸುತ್ತಾರೆ. ಪರದೆಯ ಮೇಲೆ ಸಂಖ್ಯೆಗಳು ಸರಸರನೆ ಇಳಿಯುತ್ತವೆ, ಎಲ್ಲವೂ ಒಂದೇ ಉದ್ದ. ಕೊನೆಯದು ಮಾತ್ರ ಮೋಟು. ಅದರ ಬಾಲದ ಅಂಕಿಯೇ ಇಲ್ಲ!

ಗೋದೆಲೀವೆ ಕುರ್ಚಿಯಿಂದ ಎದ್ದೇಬಿಡುತ್ತಾರೆ. "ಹುರುಳಿಕಾಯಿ!" ಎನ್ನುತ್ತಾರೆ. ಕೆಫೆಗೆ ಕೆಫೆಯೇ ತಿರುಗಿ ನೋಡುತ್ತದೆ.

ಶಾಲೆಯ ಅಡುಗೆಮನೆಯಲ್ಲಿ ಬುಟ್ಟಿಗಟ್ಟಲೆ ಹುರುಳಿಕಾಯಿಯ ತೊಟ್ಟು ಕತ್ತರಿಸುವ ಕೈ ಅದು. ಕಡತದ ಪ್ರತಿ ಸಾಲಿನ ತುದಿಗೂ 'ಸಾಲು ಮುಗಿಯಿತು' ಎಂಬ, ಕಣ್ಣಿಗೆ ಕಾಣದ ಗುರುತೊಂದಿರುತ್ತದೆ. ಅದೇ ತೊಟ್ಟು. ಫಿರ್ಮಿನ್ನನ ಪ್ರೋಗ್ರಾಮು ಹಿಂದುಮುಂದು ನೋಡದೆ ಪ್ರತಿ ಸಾಲಿನ ಕೊನೆಯ ಅಕ್ಷರವನ್ನು ಕತ್ತರಿಸಿ, ಉಳಿದದ್ದನ್ನು ತಾಳೆಗೆ ಹಿಡಿಯುತ್ತದೆ. ಅವನ ಕಾಲದಲ್ಲಿ ಸಂಖ್ಯೆಗಳನ್ನು ಕೀಲಿಮಣೆಯಲ್ಲಿ ಕೈಯಾರೆ ಒತ್ತುತ್ತಿದ್ದರು, ಕೊನೆಯದಕ್ಕೂ ತೊಟ್ಟು ಬೀಳುತ್ತಿತ್ತು. ಹೋದ ವರ್ಷ ಬಂದ ಕೈಯಂತ್ರ ಮುಂದಿನ ಹಕ್ಕಿ ಬಂದಾಗಷ್ಟೇ ಹಿಂದಿನ ಸಾಲನ್ನು ಮುಗಿಸುತ್ತದೆ. ಕೊನೆಯ ಹಕ್ಕಿಯ ಹಿಂದೆ ಇನ್ನೊಂದಿಲ್ಲ, ಹಾಗಾಗಿ ತೊಟ್ಟೂ ಇಲ್ಲ. ಕತ್ತರಿ ನೇರ ಕಾಯಿಗೇ ಬೀಳುತ್ತದೆ.

ಇದನ್ನು ಹೇಳಿದರೆ ನಂಬುವವರು ಯಾರು? ಪ್ರೋಗ್ರಾಮು ಮುಟ್ಟುವುದೂ ಫಲಿತಾಂಶ ತಿದ್ದಿದ ಹಾಗೇ ಎಂದು ಗಿದೋ ಆಗಲೇ ಗೊಣಗುತ್ತಿದ್ದಾನೆ. ಗೋದೆಲೀವೆ ವಾದಕ್ಕಿಳಿಯುವುದಿಲ್ಲ. ಎಲ್ಲರನ್ನೂ ಪರದೆಯ ಮುಂದೆ ಕರೆದು, ಕಡತದ ಒಂದು ನಕಲು ಮಾಡಿ, ಅದರಲ್ಲಿ ಗಿದೋನ ಕೈಜರ್‌ನ ಸಂಖ್ಯೆಯನ್ನು ತೆಗೆದು ಕಟ್ಟಕಡೆಗೆ ಇಡುತ್ತಾರೆ. ಮಿಯೆಕೆಯದು ಅದರ ಮೇಲಕ್ಕೆ ಹೋಗುತ್ತದೆ. ಗುಂಡಿ ಒತ್ತುತ್ತಾರೆ.

ಮಿಯೆಕೆ: ಸರಿ. ಕೈಜರ್: ಈ ಹಕ್ಕಿ ನೋಂದಣಿಯಾಗಿಲ್ಲ.

ಗಿದೋನ ಮುಖ ಬೀಟ್‌ರೂಟಿನಂತಾಗುತ್ತದೆ. "ನನ್ ಕೈಜರ್ ಬುಟ್ಟಿಗೆ ಇಳಿದದ್ದನ್ನ ನೀನೇ ಕಣ್ಣಾರೆ ನೋಡಿದ್ದೀಯಲ್ಲೇ, ಗೋದೆಲೀವೆ."

"ಮಿಯೆಕೆ ಇಳಿದದ್ದನ್ನೂ ನೋಡಿದ್ದೆ ಕಣೋ."

ಕೆಫೆಯಲ್ಲಿ ಏಳುವ ನಗೆಗೆ ಕಿಟಕಿಯ ಗಾಜುಗಳು ನಡುಗುತ್ತವೆ. ಕತ್ತರಿ ಸರಿಮಾಡಲು ಒಪ್ಪುವವರು ಕೈ ಎತ್ತಿ ಎಂದು ಗೋದೆಲೀವೆ ಹೇಳಿದಾಗ ಮೊದಲು ಏಳುವ ಕೈ ಗಿದೋನದೇ. ಮೊದಲ ಸ್ಥಾನ ಕೈಬಿಟ್ಟು ಹೋಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು. ಅವನ ಮೇಲೆ ಕ್ಲಬ್ಬಿನವರಿಗಿದ್ದ ಎಷ್ಟೋ ಸಿಟ್ಟು ಆ ಒಂದು ಕೈಗೆ ಇಳಿದುಹೋಗುತ್ತದೆ. ಗೋದೆಲೀವೆ ಎಲ್ಲರ ಎದುರಿಗೇ ತಿದ್ದುತ್ತಾರೆ: ತೊಟ್ಟಿದ್ದರೆ ಮಾತ್ರ ಕತ್ತರಿಸು. ಶುಕ್ರವಾರದ ಕಡತ, ಒಂದಕ್ಷರವೂ ಬದಲಾಗದೆ, ಮತ್ತೆ ಓಡುತ್ತದೆ. ಮಿಯೆಕೆ ಮೊದಲು, ಕೈಜರ್ ಎರಡನೆಯದು. ಓಮೆರ್ ಟೋಪಿಯನ್ನು ಮುಖಕ್ಕೆ ಹಿಡಿದುಕೊಂಡು ಅಳುತ್ತಾರೆ, ಕೆಮ್ಮುತ್ತಾರೆ, ಮತ್ತೆ ಅಳುತ್ತಾರೆ.

ಗೆದ್ದವರ ಹೆಸರು ಹಲಗೆಯ ಮೇಲೆ ಬರುತ್ತದೆ. ಗೋದೆಲೀವೆಯ ಹೆಸರು ಎಲ್ಲೂ ಬರುವುದಿಲ್ಲ. ಬೇಸರವಿಲ್ಲವೇ ಎಂದರೆ ಲೋಟ ತೊಳೆಯುತ್ತಲೇ ಇಲ್ಲವೆಂದು ತಲೆಯಾಡಿಸುತ್ತಾರೆ. "ಮನೆಗೆ ಬಂದ ಹಕ್ಕೀನ ಬಂದಿಲ್ಲ ಅಂತ ಇನ್ಮೇಲೆ ನನ್ ಕಂಪ್ಯೂಟರ್ ಹೇಳಲ್ಲ. ಅಷ್ಟು ಸಾಕು." ತೊಳೆದ ಲೋಟವನ್ನು ಬೋರಲು ಹಾಕಿ ಒಂದು ಆಸೆಯನ್ನೂ ಹೇಳುತ್ತಾರೆ. ಇಷ್ಟು ವರ್ಷ ಈ ಮೂಲೆಯಲ್ಲೇ ಕೂತು, ಒಂದು ಪಾರಿವಾಳ ಆಕಾಶದಿಂದ ತನ್ನ ಗೂಡಿಗೆ ಇಳಿಯುವುದನ್ನು ಅವರು ಒಮ್ಮೆಯೂ ನೋಡಿಲ್ಲ.

ಬಾಗಿಲ ಬಳಿ ಸೈಕಲ್ ಹಿಡಿದು ನಿಂತ ಓಮೆರ್ ಅದನ್ನು ಕೇಳಿಸಿಕೊಳ್ಳುತ್ತಾರೆ. "ಬರೋ ಭಾನುವಾರ ಫೋನ್ ಬಂದ್ಮೇಲೆ ನಮ್ಮನೇಗೆ ಬಾರಮ್ಮ. ನಾವಿಬ್ರೂ ಒಟ್ಟಿಗೆ ಕಾಯೋಣ. ಕೆಂಪು ಬಟ್ಟೆ ಮಾತ್ರ ಬೇಡ, ಮಿಯೆಕೆ ಬೆದರ್ತಾಳೆ."

ಮೂಲೆಯ ಕಂಪ್ಯೂಟರಿನ ಮುಂದೆ ಅವತ್ತು ಯಾರು ಕೂರುತ್ತಾರೆ ಎಂದು ಗೋದೆಲೀವೆ ಚಿಂತೆಯಿಂದ ಕೇಳುತ್ತಾರೆ. ಬಿಯರು ಮುಗಿಸಿದ ಗಿದೋ, ಕಾಯುವುದೇ ಅಲ್ಲವೇ, ನಾನು ಕೂರುತ್ತೇನೆ ಎನ್ನುತ್ತಾನೆ. ಗೋದೆಲೀವೆ ತಾವು ತೊಟ್ಟ ಕೆಂಪು ಸ್ವೆಟರನ್ನು ಒಮ್ಮೆ ನೋಡಿಕೊಂಡು, ಮನೆಯಲ್ಲಿ ಬೂದು ಬಣ್ಣದ್ದೊಂದು ಇರಬೇಕು ಎನ್ನುತ್ತಾರೆ.